ನೋಮ್‌ನಿಂದ ಕಾಟ್ಸೆಬ್ಯೂಗೆ ಒಂದು ಗಂಟೆ

ಬೆರ್ರಿಯೆಸಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕೂತು ಅಲಾಸ್ಕಾದ ಮ್ಯಾಪು ನೋಡುತ್ತಿದ್ದೆ. ಡಾಕ್ಟರಾಗಿರುವ ಮೊಮ್ಮಗಳು ಮೇಘನಾ ಅಲ್ಲಿನ ನೋಮ್ ಎಂಬ ಊರಿನಿಂದ ಕಾಟ್ಸೆಬ್ಯೂಗೆ ಪುಟ್ಟ ವಿಮಾನದಲ್ಲಿ ಹೊರಟಿದ್ದಳು. ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಬಂದಷ್ಟು ದೂರ; ಹಾರಾಟ ಒಂದೇ ಗಂಟೆ ಎಂದು ಫೋನು ಹೇಳುತ್ತಿತ್ತು. ಹತ್ತಿಸುವ ಮೊದಲು ಬ್ಯಾಗಿನ ಜೊತೆ ಅವಳನ್ನೂ ತೂಕಕ್ಕೆ ನಿಲ್ಲಿಸಿದರಂತೆ! ಅಷ್ಟು ಡೆಲಿಕೇಟ್ ವಿಮಾನ. ಹೊರಟು ಎರಡು ಗಂಟೆ ಮೀರಿದರೂ ಮೆಸೇಜು ಇಲ್ಲ.

ನಾನು ಹೋಗಬೇಕಿದ್ದ ವಾಲ್ನಟ್ ಕ್ರೀಕಿನ ದಾರಿಯಲ್ಲಿ ಸುರಂಗವಿದೆ. ಅಲ್ಲಿ ಫೋನಿನ ಸಿಗ್ನಲ್ಲು ಹೋದರೆ? ಬಂದ ಟ್ರೇನನ್ನು ಬಿಟ್ಟೆ. ಕಾನ್ವೆಂಟಿನಲ್ಲಿ ಕಲಿತ ಪ್ರೇಯರು, ರಾಯರ ಹೆಸರು, ಎರಡೂ ಒಟ್ಟಿಗೆ ಬಾಯಿಗೆ ಬಂದವು.

"ಯಾಕ್ರೀ ಅಕ್ಕಾರ, ಹತ್ತಲಿಲ್ಲ?" ನನ್ನ ಗೊಣಗಾಟ ಕೇಳಿ ಪಕ್ಕದಲ್ಲಿ ಕೂತಿದ್ದ ಹೆಂಗಸು ವಿಚಾರಿಸಿದರು; ಮಾತಿನಿಂದಲೇ ಧಾರವಾಡದವರೆಂದು ಗೊತ್ತಾಯಿತು. ಎಲ್ಲ ಹೇಳಿದೆ.

"ಅಲ್ರೀ, ನೀವು ಇಲ್ಲಿ ಕುಂತು ಫೋನ್ ದಿಟ್ಟಿಸಿದ್ರ ವಿಮಾನ ಜೋರ್ ಹೊಕ್ಕೈತೇನ್ರಿ?"

ಇನ್ನೊಂದು ಟ್ರೇನೂ ಹೋಯಿತು. ಆಮೇಲೆ ಫೋನು ರಿಂಗಾಯಿತು.

"ಅಜ್ಜಿ, ಐ ಆ್ಯಮ್ ಫೈನ್. ಫುಲ್ ಫಾಗ್ ಇತ್ತು, ಲ್ಯಾಂಡ್ ಆಗೋಕೆ ಆಗ್ಲಿಲ್ಲ. ನೋಮ್‌ಗೇ ವಾಪಸ್ ಬಂದ್ವಿ. ಟುಮಾರೋ ಅಗೇನ್ ಟ್ರೈ ಮಾಡ್ತೀವಿ."

"ಮುಟ್ಟಿದ್ಲೇನ್ರಿ?" ಎಂದರು ಆಕೆ.

"ಇಲ್ಲ, ಹೊರಟಲ್ಲಿಗೇ ವಾಪಸ್ಸು. ನಾಳೆ ಮತ್ತೆ ಹೋಗ್ತಾಳಂತೆ."

"ನಾಳಿನ ಚಿಂತಿ ನಾಳಿಗಿರ್ಲಿ, ಏಳ್ರಿ," ಎನ್ನುತ್ತಾ ನನ್ನ ಚೀಲ ಎತ್ತಿಕೊಂಡರು. ನನ್ನ ಜೊತೆ ಅವರೂ ಎರಡು ಟ್ರೇನು ಬಿಟ್ಟಿದ್ದರೆಂದು ಆಗ ಹೊಳೆಯಿತು.