ಎರಡನೆಯ ಸಂಪುಟವಿದ್ದ ಊರು

ಎರಡು ಸಂಪುಟಗಳ ಕಾದಂಬರಿ ಬರೆಯುವವರು ಓದುಗರ ಸಹನೆಯ ಜೊತೆಗೆ ಬಸ್ಸುಗಳ ವೇಳೆಯನ್ನೂ ಪರೀಕ್ಷಿಸುತ್ತಾರೆಂಬುದು ಮೇಷ್ಟ್ರಗಿರಿಯಿಂದ ನಿವೃತ್ತಳಾದ ಮೇಲೆ ನನಗೆ ತಿಳಿಯಿತು. ಮೊದಲ ಸಂಪುಟ ನಮ್ಮ ಕೊಪ್ಪದ ಗ್ರಂಥಾಲಯದಲ್ಲೇ ಸಿಕ್ಕಿತು. ಎರಡನೆಯದನ್ನು ಅರಸಿ ಶೃಂಗೇರಿಗೆ ಹೋದರೆ ಅಲ್ಲಿಯೂ ಮೊದಲನೆಯದೇ! ಕೊನೆಗೆ ಅದು ನರಸಿಂಹರಾಜಪುರದ ಕಪಾಟಿನಲ್ಲಿ ಕಂಡಾಗ, ಕೊಪ್ಪದ ಕಾರ್ಡನ್ನು ಗತ್ತಿನಿಂದ ಮೇಜಿನ ಮೇಲಿಟ್ಟೆ.

ಗ್ರಂಥಪಾಲಕಿ ನಕ್ಕರು. "ಜಿಲ್ಲೆಗೆಲ್ಲ ಗ್ರಂಥಾಲಯ ಒಂದೇ ಮೇಡಂ, ಆದ್ರೆ ಮನೆಗೆ ಒಯ್ಯಕ್ಕೆ ಇಲ್ಲಿನ ಕಾರ್ಡೇ ಬೇಕು. ಕೂತು ಓದಕ್ಕೆ ಯಾವ ಕಾರ್ಡೂ ಬೇಡ. ಸಾರ್ವಜನಿಕರದ್ದಲ್ವಾ?"

ಶಾಖೆಗಳೆಲ್ಲ ಒಂದೇ ಮರದವಾದರೂ ಹಣ್ಣು ಒಯ್ಯುವ ಹಕ್ಕು ಆಯಾ ಕೊಂಬೆಯ ಹಕ್ಕಿಗೇ ಎಂದು ಮನಸ್ಸಿನಲ್ಲೇ ವ್ಯಾಖ್ಯಾನಿಸಿಕೊಂಡು ಕುಳಿತೆ. ಹಿಂದಿರುಗುವ ಅವಸರವೇನಿರಲಿಲ್ಲ. ಪತಿ ತೀರಿಕೊಂಡ ಮೇಲೆ ನನ್ನ ಬಾಡಿಗೆ ಮನೆಯಲ್ಲಿ ದನಿಯಿರುವುದು ಕುಕ್ಕರಿಗೆ ಮಾತ್ರ. ಒಬ್ಬಳ ಅನ್ನಕ್ಕೆ ಅದೂ ಹೆಚ್ಚು ಕೂಗುವುದಿಲ್ಲ.

ಎದುರಿಗೆ ಶೆಟ್ಟಿಕೊಪ್ಪದ ತಿಮ್ಮಪ್ಪಗೌಡರೆಂಬ ಹಿರಿಯರು ಪತ್ರಿಕೆ ಹರಡಿಕೊಂಡಿದ್ದರು. ಪರಿಚಯವಾಯಿತು.

"ಟೀಚ್ರಾಗಿದ್ದೋರಾ? ಹಾಗಾರೆ ಸ್ವಲ್ಪ ಗಟ್ಟಿಯಾಗಿ ಓದಿ ಮಾರಾಯ್ರೆ. ನಂಗೆ ದಪ್ಪ ಅಕ್ಷರ ಬಿಟ್ರೆ ಎಂತದೂ ಕಾಣದಿಲ್ಲ. ಮನೇಲಿ ಎಲ್ಲ ಇದಾರೆ, ಓದಿ ಹೇಳಕ್ಕೆ ಯಾರಿಗೂ ಪುರುಸೊತ್ತಿಲ್ಲ."

ಮೌನದ ನಿಯಮಕ್ಕೆ ಭಂಗ ಬಾರದಂತೆ ಇಬ್ಬರೂ ಹೊರಗಿನ ಜಗಲಿಯ ಬೆಂಚಿಗೆ ಬಂದೆವು. ಬಾಯಿ ತೆರೆದರೆ ಗಂಟಲು ಕಟ್ಟಿಕೊಂಡಿತ್ತು. ಹಿಂದಿನ ಬೆಂಚಿನವರೆಗೂ ಗುಡುಗುತ್ತಿದ್ದವಳು ಪೂರ್ತಿ ವಾಕ್ಯವೊಂದನ್ನು ಆಡಿ ಎಷ್ಟು ದಿನವಾಗಿತ್ತೋ! ಕೆಮ್ಮಿ, ನೀರು ಕುಡಿದು, ಮೊದಲ ಸಂಪುಟದ ಕಥೆ ಹೇಳಿ ಎರಡನೆಯದಕ್ಕೆ ಕೈಹಾಕಿದೆ.

ಅಂದಿನಿಂದ ವಾರವಾರವೂ ಬಸ್ಸು ಹತ್ತಿದೆ. ಗೌಡರು ನಾಯಕಿಯ ಮೇಲೆ ಮುನಿಸಿಕೊಳ್ಳುವರು: "ಆ ಹೆಂಗ್ಸು ತಪ್ಪು ಮಾಡ್ತು ನೋಡಿ!" ನಾನು ಅವಳ ಪರ ವಾದಿಸುವೆ. ಜಗಳವಾಡಲೊಬ್ಬರು ಸಿಕ್ಕಿದ ಸುಖ ಹಿಂದಿರುಗುವ ಬಸ್ಸಿನಲ್ಲೂ ಆರುತ್ತಿರಲಿಲ್ಲ.

ಒಂದು ದಿನ ಗ್ರಂಥಪಾಲಕಿ ಸಂಭ್ರಮದಿಂದ ಹೇಳಿದರು: "ಮೇಡಂ, ಮೇಲಿನವರ ಹತ್ರ ಮಾತಾಡಿದೀನಿ. ಈ ಪುಸ್ತಕಾನ ಕೊಪ್ಪಕ್ಕೇ ಕಳಿಸ್ತಾರಂತೆ. ಇನ್ನು ನೀವು ಬಸ್ಸಲ್ಲಿ ಒದ್ದಾಡೋದು ಬೇಡ."

"ಒಳ್ಳೇದಾಯ್ತು ಬಿಡಿ, ಟೀಚ್ರಿಗೆ ಅನುಕೂಲ," ಎಂದರು ಗೌಡರು, ತಮಗೆ ಕಾಣದ ಪತ್ರಿಕೆಯಿಂದ ತಲೆಯೆತ್ತದೆ.

"ಬೇಡಮ್ಮ," ಎಂದೆ. "ಇಲ್ಲಿಯದು ಇಲ್ಲೇ ಇರಲಿ."

ಆಕೆ ತಬ್ಬಿಬ್ಬಾಗಿ ನನ್ನನ್ನೇ ನೋಡಿದರು. ಗೌಡರು ಎದ್ದು ಜಗಲಿಗೆ ನಡೆದು, ಬೆಂಚಿನಲ್ಲಿ ಸರಿದು ಕುಳಿತು ಜಾಗ ಮಾಡಿದರು.

"ಎಲ್ಲಿಗೆ ನಿಲ್ಸಿದ್ರಿ ಟೀಚ್ರೆ?"

ಉಳಿದ ಪುಟಗಳ ದಪ್ಪವನ್ನು ಬೆರಳಿನಿಂದ ಅಂದಾಜು ಮಾಡಿ, ಎಂದಿಗಿಂತ ನಿಧಾನವಾಗಿ ಓದತೊಡಗಿದೆ.