ಊರನ್ನೆತ್ತಿದವರ ಮನೆ

ಅಮೆರಿಕದ ಕಡಲತಡಿಯ ಊರು ಗಾಲ್ವೆಸ್ಟನ್ನಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವರ್ಲೀನ್ ಹೋಕ್ಸ್ ಮನೆಯೊಂದರ ಅಡಿಗೆ ಅಂಗಾತ ತೂರಿಕೊಂಡು, ಟಾರ್ಚು ಹಿಡಿದು, ತೊಲೆಗಳನ್ನು ಬಡಿದು ನೋಡುತ್ತಿದ್ದಾರೆ. ಹೊರಗೆ ಅವರ ಕೆಲಸಗಾರರು ಕಾಫಿ ಹೀರುತ್ತಾ ನಿಂತಿದ್ದಾರೆ. ಚಂಡಮಾರುತದ ಕಾಲ ಬರುವ ಮೊದಲು ಹಳೆಯ ಮರದ ಮನೆಗಳನ್ನು ಜಾಕ್ ಕೊಟ್ಟು ಎತ್ತರಿಸುವುದು ಇವರ ಕಸುಬು. ಮೂವತ್ತು ವರ್ಷದಿಂದ ಪಳಗಿದ ಕೈ. ಆದರೂ ಇವತ್ತು ಒಂದೊಂದು ತೊಲೆಯನ್ನೂ ಎರಡೆರಡು ಸಲ ಬಡಿಯುತ್ತಾರೆ. ಈ ಮನೆ ಅವರದೇ.

ಸಾವಿರದ ಒಂಬೈನೂರನೇ ಇಸವಿಯ ಬಿರುಗಾಳಿ ಊರನ್ನು ಗುಡಿಸಿ ಹಾಕಿದ ಮೇಲೆ, ಉಳಿದವರು ಊರನ್ನೇ ಮೇಲೆತ್ತಲು ಹೊರಟರು. ಮನೆ, ಚರ್ಚು, ಅಂಗಡಿಗಳನ್ನು ಜಾಕ್ ಮೇಲೆ ನಿಲ್ಲಿಸಿ ಅಡಿಗೆ ಸಮುದ್ರದ ಮರಳು ತುಂಬಿದರು. ಹಾಗೆ ಜಾಕ್ ತಿರುಗಿಸಿದವರಲ್ಲಿ ವರ್ಲೀನ್ ಅವರ ಮುತ್ತಜ್ಜ ಎಲೈಜಾ ಕೂಡ ಒಬ್ಬರು. ಆದರೆ ಮನೆ ಎತ್ತಿಸುವ ಖರ್ಚು ಆಯಾ ಮನೆಯವರದೇ ಆಗಿತ್ತು, ಎಲೈಜಾಗೆ ಅದು ಎಟುಕಲಿಲ್ಲ. ಅಂಗಳದ ಸುತ್ತ ಹಲಗೆ ಬಡಿದು ಮರಳನ್ನು ತಡೆದರು. ಬೀದಿ ಮೇಲೇರಿತು, ಮನೆ ಇದ್ದಲ್ಲೇ ಉಳಿಯಿತು. ಅಂದಿನಿಂದ ಒಳಗೆ ಹೋಗಬೇಕಾದರೆ ಬೀದಿಯಿಂದ ಇಳಿಯಬೇಕು. ಮಳೆಯ ನೀರು, ಸಮುದ್ರದ ನೀರು ಎರಡೂ ಮೊದಲು ವಿಚಾರಿಸಿಕೊಳ್ಳುವುದು ಇವರನ್ನೇ. ಕೇರಿಯವರ ಬಾಯಲ್ಲಿ ಇದು ಗುಂಡಿ ಮನೆ.

"ಊರಿಗೆಲ್ಲ ಮನೆ ಎತ್ಕೊಡ್ತೀರಿ, ನಿಮ್ದು ಮಾತ್ರ ಪಾತಾಳದಲ್ಲಿ ಅಂತ ಶಾಲೇಲಿ ಆಡ್ಕೋತಿದ್ರು," ಎಂದು ವರ್ಲೀನ್ ನಗುತ್ತಾರೆ. "ಅಳ್ತಾ ಬಂದ್ರೆ ಅಮ್ಮ ಕಣ್ಣೊರೆಸ್ತಿರ್ಲಿಲ್ಲ. ಅವ್ರು ನಡೆಯೋ ನೆಲ ನಿಮ್ಮುತ್ತಜ್ಜ ಎತ್ತಿದ್ದು, ಹೋಗಿ ಹೇಳು ಅಂತಿದ್ಲು."

ಹಿಂದಿನ ಸಲ ನೀರು ಕಿಟಕಿ ಮುಟ್ಟಿತ್ತು. ಇನ್ನೊಂದು ನೆರೆಯನ್ನು ಈ ತೊಲೆಗಳು ತಾಳುವುದಿಲ್ಲ. ಈ ವರ್ಷ ಎತ್ತದಿದ್ದರೆ ಮನೆಯ ಆಸೆ ಬಿಡಬೇಕು.

ಆ ಅಮ್ಮ ಓಜೆಲಾ, ಎಂಬತ್ತು ದಾಟಿದ ಹಠಮಾರಿ. ಮನೆ ಏಳುವಾಗ ಒಳಗೆ ಒಂದು ನರಪಿಳ್ಳೆಯೂ ಇರಬಾರದೆಂಬುದು ಮಗಳ ಕಟ್ಟುನಿಟ್ಟು. ಗ್ಯಾಸ್ ಕೊಳವೆ ಬಿಚ್ಚಿದ್ದಕ್ಕೆ ಓಜೆಲಾ ಸಣ್ಣ ಸಿಲಿಂಡರಿನ ಒಲೆ ಹೂಡಿಕೊಂಡು, ಪಾತ್ರೆಯ ಅಂಚಿನ ತನಕ ಗಂಬೋ ಎಂಬ ಸಿಗಡಿ ಸಾರು ಕಾಯಿಸುತ್ತಾ ಒಳಗೇ ಕೂತಿದ್ದಾರೆ.

"ನನ್ನಜ್ಜ ಮನೆ ಎತ್ತೋವಾಗ ಒಳಗೆ ಜನ ಊಟ ಮಾಡ್ತಾ ಕೂತಿರ್ತಿದ್ರು. ನಿನ್ನ ಕೆಲಸಕ್ಕೆ ಅಷ್ಟೂ ಭರವಸೆ ಇಲ್ವಾ?"

"ಅಮ್ಮಾ, ತೊಲೆ ಲಡ್ಡಾಗಿದೆ."

"ನಾನೂ ಲಡ್ಡಾಗಿದೀನಿ. ಎತ್ತೇ ಸುಮ್ನೆ."

ವರ್ಲೀನ್ ಸೋಲುತ್ತಾರೆ. "ಕಾಲು ಸುತ್ತು!" ಎಂದು ಕೂಗುತ್ತಾರೆ. ಎಲ್ಲ ಜಾಕ್‌ಗಳೂ ಒಟ್ಟಿಗೆ ಸುತ್ತಿನ ಕಾಲು ಭಾಗದಷ್ಟು ತಿರುಗಿ ಒಟ್ಟಿಗೆ ನಿಲ್ಲುತ್ತವೆ. ಮತ್ತೆ ಕೂಗು, ಮತ್ತೆ ಕಾಲು ಸುತ್ತು. ಯಂತ್ರಗಳು ಬಂದು ಎಷ್ಟೋ ಕಾಲವಾಯಿತು, ಆದರೆ ಹಳೆಯ ಮರ ನರಳುವುದು ಯಂತ್ರಕ್ಕೆ ಕೇಳಿಸುವುದಿಲ್ಲ ಎಂದು ಇವರು ಕೈಜಾಕನ್ನೇ ನಂಬಿದ್ದಾರೆ. ಮನೆ ಮೆಲ್ಲಗೆ ಗುಂಡಿಯಿಂದ ತಲೆ ಎತ್ತುತ್ತದೆ.

ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಓಜೆಲಾ ಚೀರುವುದು ಕೇಳುತ್ತದೆ. "ನಿಲ್ಸೇ! ಗಂಬೋ ಹಿತ್ತಲ ಕಡೆ ಚೆಲ್ತಿದೆ!"

ವರ್ಲೀನ್ ಹಿತ್ತಲಿಗೆ ಓಡುತ್ತಾರೆ. ಅಲ್ಲಿನ ಮೂಲೆಯ ಜಾಕ್ ಸದ್ದಿಲ್ಲದೆ ಮರಳಿಗೆ ಇಳಿಯುತ್ತಿದೆ. ಹೊರಗಿದ್ದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಅಡಿಗೆ ದಿಮ್ಮಿ ಮೇಲೆ ದಿಮ್ಮಿ ಕೊಟ್ಟು ಮೂಲೆಯನ್ನು ಸರಿಗಟ್ಟುವಷ್ಟರಲ್ಲಿ ಅವರ ಅಂಗಿ ಬೆವರಿನಲ್ಲಿ ತೊಯ್ದಿರುತ್ತದೆ.

"ಇನ್ನೆರಡು ಸಲ ತಿರುಗ್ಸಿದ್ರೆ ಮನೆ ನಡುವಿಗೆ ಮುರೀತಿತ್ತು. ಅಮ್ಮ ಒಳಗೇ..." ಎಂದು ಹಣೆ ಒರೆಸಿಕೊಳ್ಳುತ್ತಾರೆ. ಹೆದರಿಕೆಯಾಯಿತೇ ಎಂದರೆ, "ಆಯ್ತು. ಅಮ್ಮಂಗೆ ಹೇಳ್ಬೇಡಿ," ಎನ್ನುತ್ತಾರೆ.

ಹೊತ್ತಿಳಿಯುವಾಗ ಮನೆ ಬೀದಿಗಿಂತ ಆಳೆತ್ತರ ಮೇಲೆ, ಗಟ್ಟಿಯಾಗಿ ನಿಂತಿದೆ. ಕೇರಿಯವರು ಕತ್ತೆತ್ತಿ ನೋಡುತ್ತಿದ್ದಾರೆ. ಹೊಸ ಮೆಟ್ಟಿಲು ಕೂರಿಸುವುದು ನಾಳೆ. ವರ್ಲೀನ್ ಬಾಗಿಲಿಗೆ ಏಣಿ ಆನಿಸುತ್ತಾರೆ.

"ಇಳಿಯಮ್ಮಾ, ಗಟ್ಟಿಯಾಗಿ ಹಿಡ್ಕೊಂಡಿದೀನಿ."

ಓಜೆಲಾ ಸೌಟು ಹಿಡಿದೇ ಬಾಗಿಲಿಗೆ ಬರುತ್ತಾರೆ. ಕೆಳಗೆ ನೆರೆದ ಕೇರಿಯನ್ನೊಮ್ಮೆ ನಿಧಾನವಾಗಿ ನೋಡುತ್ತಾರೆ.

"ನಾನ್ಯಾಕೆ ಇಳೀಲಿ? ಈ ಮನೆಯವ್ರು ನೂರು ವರ್ಷ ಇಳಿದಿದ್ದು ಸಾಕು. ನೀವೆಲ್ಲ ಹತ್ತಿ ಬನ್ರೋ, ಊಟ ಆರ್ತಿದೆ."