ಅಕ್ಕನ ಹೃದಯದ ಅಳತೆ

ಎದೆಗೆ ಸವರುವ ಆ ಜೆಲ್ ಅಷ್ಟು ತಣ್ಣಗಿರುತ್ತದೆಂದು ಯಾರೂ ಮೊದಲೇ ಹೇಳುವುದಿಲ್ಲ ನೋಡಿ. ಮೊನ್ನೆ ಎಕೋ ಮಾಡಿಸಲು ಅಂಗಿ ಬಿಚ್ಚಿ, ಎಡಮಗ್ಗುಲಾಗಿ ಮಲಗಿ, ಹೊಟ್ಟೆಯನ್ನು ಒಳಕ್ಕೆಳೆದುಕೊಂಡಿದ್ದೆ. ಯಂತ್ರ ನೋಡುವುದು ಹೃದಯವನ್ನು, ಹೊಟ್ಟೆಯನ್ನಲ್ಲ. ಆದರೂ ಪರೀಕ್ಷೆ ಎಂದಮೇಲೆ ಚೆನ್ನಾಗಿ ಕಾಣಿಸಬೇಕೆಂಬ ಆಸೆ ಬಿಡುವುದಿಲ್ಲ. ಯಂತ್ರ ಹಿಡಿದ ಹುಡುಗಿ, "ಉಸಿರು ಬಿಡಿ ಸರ್, ಆರಾಮಾಗಿರಿ" ಎಂದು ನಕ್ಕಳು. ನನಗೆ ಅಕ್ಕ ನೆನಪಾದಳು.

ಅಕ್ಕನನ್ನು ಸೊರಬದ ಕಡೆ ಹೊಸಬಾಳೆಗೆ ಕೊಟ್ಟಿತ್ತು. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಅವಳ ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು. ಮುಂದೆ ಹೋಗಬೇಕಾದ ರಕ್ತದಲ್ಲಿ ಒಂದಿಷ್ಟು ಹಿಂದಕ್ಕೆ ಸೋರುತ್ತಿತ್ತು. ತೊಂಬತ್ತರ ದಶಕದ ನಡುವೆ ಅವಳ ಪಾದ ಊದತೊಡಗಿದಾಗ ಶಿಕಾರಿಪುರದ ನಮ್ಮ ಡಾಕ್ಟರು ಮೈಯ ನೀರು ಇಳಿಸುವ ಮಾತ್ರೆ ಕೊಟ್ಟು, ದೊಡ್ಡ ಊರಿಗೆ ಹೋಗಿ ಎಕೋ ಮಾಡಿಸಿ, ಸೋರಿಕೆ ಹೆಚ್ಚಿದ್ದರೆ ಆಪರೇಷನ್ ಆಗಬೇಕು ಎಂದರು. ಆ ಮಾತಿಗೇ ಅಕ್ಕ ಬೆವತಳು.

ನಮ್ಮ ಮನೆಗಳಲ್ಲಿ ಸೋಮವಾರದ ಉಪವಾಸ ಹೊಸದಲ್ಲ. ನನ್ನ ಉಪವಾಸವೆಂದರೆ ಅವಲಕ್ಕಿ, ಬಾಳೆಹಣ್ಣು, ಹಾಲು, ಮತ್ತೆ ಅವಲಕ್ಕಿ. ಅದರಿಂದ ನಾನು ದಪ್ಪಗಾಗಿದ್ದೇನೆ. ಅಕ್ಕನದು ಹಾಗಲ್ಲ. ಮಂಗಳವಾರ ಬೆಳಿಗ್ಗೆ ಪರೀಕ್ಷೆ. ಹಿಂದಿನ ದಿನವೇ ನಮ್ಮ ಮನೆಗೆ ಬಂದವಳು ಹನಿ ನೀರೂ ಮುಟ್ಟಲಿಲ್ಲ.

"ಒಂದ್ಲೋಟ ಮಜ್ಜಿಗೆನಾದ್ರೂ ಕುಡಿಯೇ" ಎಂದಳು ಅಮ್ಮ.

"ಸುಮ್ನಿರಮ್ಮ. ಶಿವ ನನ್ನ ಎದೆ ಒಳಗೆ ನೋಡೋ ಹೊತ್ತು ಅದು. ಹೊಟ್ಟೆ ತುಂಬಿಸ್ಕಂಡು ಹೋಗ್ಲಾ?"

ಮಾತ್ರೆ ಮಾತ್ರ ತಪ್ಪಿಸಲಿಲ್ಲ, ನೀರಿಲ್ಲದೆ ನುಂಗಿದಳು. ಬೆಳಗಾಗುವಷ್ಟರಲ್ಲಿ ಪಾದದ ಊತ ಇಳಿದಿತ್ತು. "ನೋಡೋ, ಆಗ್ಲೇ ವಾಸಿ ಆಗ್ತಿದೆ" ಎಂದು ನನಗೆ ತೋರಿಸಿದಳು.

ಪರೀಕ್ಷೆ ಮಾಡಿದ ಡಾಕ್ಟರು, "ಸೋರಿಕೆ ಇದೆ, ಜಾಸ್ತಿ ಇಲ್ಲ. ಸ್ನಾಯು ಚೆನ್ನಾಗಿ ಹಿಂಡ್ತಾ ಇದೆ. ಆಪರೇಷನ್ ಈಗ್ಲೇ ಬೇಡ, ಆರು ತಿಂಗಳು ಬಿಟ್ಟು ತೋರಿಸಿ" ಎಂದರು. ಅಕ್ಕ ಕೈಮುಗಿದಳು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನ ತಟ್ಟೆಯ ದೋಸೆಯನ್ನೂ ತಾನೇ ತಿಂದಳು.

ಆಮೇಲಿನ ಒಂದು ವರ್ಷ ಅವಳನ್ನು ನೀವು ನೋಡಬೇಕಿತ್ತು. ಬಿಟ್ಟಿದ್ದ ಕೊಡವನ್ನು ಮತ್ತೆ ಸೊಂಟಕ್ಕೇರಿಸಿದಳು, ನಾಟಿಗೆ ಇಳಿದಳು, ನಮ್ಮ ಮನೆಗೆ ಬಂದಾಗಲೆಲ್ಲ ಜೋರಾಗಿ ಹಾಡಿದಳು. ಸ್ವರ ಅವಳಿಗೆ ಎಂದೂ ಒಲಿದಿರಲಿಲ್ಲ. ಮತ್ತೆ ತೋರಿಸು ಎಂದರೆ, "ಗಟ್ಟಿ ಇರೋ ಎದೇನ ಎಷ್ಟು ಸಲ ನೋಡ್ತಾರೋ ಮಾರಾಯ" ಎನ್ನುತ್ತಿದ್ದಳು.

ಮಲಗಿದರೆ ಉಸಿರು ಕಟ್ಟುವಂತಾದಾಗ ಮತ್ತೆ ಹೋದೆವು. ಈ ಸಲ ಉಪವಾಸ ಮಾಡುವ ಶಕ್ತಿಯೂ ಇರಲಿಲ್ಲ. ಪರದೆಯ ಮೇಲೆ ಸೋರಿಕೆ ಬಹಳ ಹೆಚ್ಚು ಕಂಡಿತು. ಅಲ್ಲಿನ ಹಿರಿಯ ಡಾಕ್ಟರು ಹಳೆಯ ಅಳತೆಯನ್ನು ಪಕ್ಕದಲ್ಲಿಟ್ಟುಕೊಂಡು, "ಆವತ್ತು ಏನಾದ್ರೂ ತಿಂದು, ಕುಡಿದು ಬಂದಿದ್ರೇನಮ್ಮ?" ಎಂದು ಕೇಳಿದರು.

"ಹನಿ ನೀರೂ ಮುಟ್ಟಿರ್ಲಿಲ್ಲ ರೀ" ಎಂದಳು ಅಕ್ಕ. ಆ ಏದುಸಿರಿನಲ್ಲೂ ಹೆಮ್ಮೆಯಿತ್ತು.

ಅವರು ನನ್ನನ್ನು ಹೊರಗೆ ಕರೆದು ಹೇಳಿದರು: "ಆವತ್ತು ನೀರಿಲ್ಲದೆ ಮೈ ಒಣಗಿತ್ತು, ಬಿಪಿ ಇಳಿದಿತ್ತು. ಹೃದಯಕ್ಕೆ ಬಂದ ರಕ್ತನೇ ಕಮ್ಮಿ, ಸೋರಿದ್ದೂ ಕಮ್ಮಿ ಕಂಡಿದೆ. ಖಾಲಿ ಗಾಡಿ ಎಳೆಯೋ ಎತ್ತನ್ನ ನೋಡಿ ಗಟ್ಟಿ ಅಂದಂಗೆ. ಇನ್ನೊಂದು ಕಷ್ಟ ಇದೆ. ಸೋರೋ ಹೃದಯ ರಕ್ತಾನ ಹಿಂದಕ್ಕೆ, ಸುಲಭದ ದಾರಿಗೇ ತಳ್ಳುತ್ತೆ. ಸೋತಿದ್ರೂ ಚೆನ್ನಾಗಿ ಹಿಂಡೋ ಹಾಗೆ ಕಾಣುತ್ತೆ. ಕವಾಟ ಸರಿಮಾಡಿದ ಮೇಲೇ ಪೂರ್ತಿ ಹೊರೆ ಬೀಳೋದು."

ಕವಾಟ ಸರಿಮಾಡಿದರು. ಸೋರಿಕೆ ನಿಂತಿತು. ಪೂರ್ತಿ ಹೊರೆಯನ್ನು ಆ ಹೃದಯ ತಡೆಯಲಿಲ್ಲ. ಅಕ್ಕ ಅಲ್ಲಿಂದ ಮನೆಗೆ ಬರಲೇ ಇಲ್ಲ.

ಆ ಮೊದಲ ಅಳತೆಯನ್ನು ನಾನು ಬಹಳ ವರ್ಷ ಶಪಿಸಿದ್ದೇನೆ. ಆದರೆ ಮದುವೆಯಾದ ಮೇಲೆ ಅಕ್ಕ ಎದೆಯ ಹೆದರಿಕೆಯಿಲ್ಲದೆ ಬದುಕಿದ್ದು ಆ ಒಂದು ವರ್ಷ ಮಾತ್ರ. ಅದನ್ನು ನೆನೆದರೆ ಶಾಪವೂ ಬಾಯಿಗೆ ಬರುವುದಿಲ್ಲ.

ಮೊನ್ನೆ ಆ ಹುಡುಗಿ ನನ್ನ ಎದೆ ಒರೆಸಿ, "ನಿಮ್ಮ ಹಾರ್ಟ್ ಗಟ್ಟಿ ಇದೆ ಸರ್, ಏನೂ ತೊಂದರೆ ಇಲ್ಲ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಗಾಬರಿಯಾಗಿ, "ಅಳಬೇಡಿ ಸರ್, ನಿಜವಾಗ್ಲೂ ಚೆನ್ನಾಗಿದೆ" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು.